ಮಾತ್ರೆಗಳನ್ನು ಬಿಟ್ಟು ಹೇಳಿದ ಸಾಕ್ಷಿ

ನನ್ನ ತಂಗಿ ಗಿರಿಜ ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು, ನರ್ಸ್ ಕೊಟ್ಟ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಮಾಸ್ಕನ್ನು ಮೇಲಕ್ಕೆ ಎಳೆದುಕೊಂಡಳು. ನರ್ಸ್ ಮುಂದಿನ ಹಾಸಿಗೆಗೆ ಹೋದರು. ಗಿರಿಜ ತಲೆ ಬಗ್ಗಿಸಿ ಕೆಮ್ಮಿದಂತೆ ಮಾಡಿ ಮಾತ್ರೆಗಳನ್ನು ಮಾಸ್ಕಿನೊಳಕ್ಕೆ ಉಗಿದಳು. ನಾನು ಎದುರಿಗೇ ಇದ್ದೆ. ಅವಳು ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು. ನಾವಿಬ್ಬರೂ ಒಂದೇ ಕಡೆಯವರು ಎನ್ನುವಂತಿತ್ತು ಆ ನಗು.

ಅವಳಿಗೆ ಟಿಬಿ ಎರಡನೇ ಸಲ ಬಂದಿತ್ತು. ಮೊದಲ ಸಲದ ಮಾತ್ರೆಗಳು ಇನ್ನು ಕೆಲಸ ಮಾಡುವುದಿಲ್ಲ, ಈ ಹೊಸ ಮಾತ್ರೆಗಳನ್ನೂ ಬಿಟ್ಟರೆ ಮುಂದೆ ಏನು ಮಾಡಬಹುದೋ ಗೊತ್ತಿಲ್ಲ ಎಂದು ಡಾಕ್ಟರ್ ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ. ಮಾತ್ರೆ ಉಗಿಯಬೇಕು ಎನ್ನುವುದನ್ನು ಅವಳಿಗೆ ಕಲಿಸಿದವಳು ನಾನು. ಅದು ಹೇಗೆ ಎಂದು ಮೊದಲಿನಿಂದ ಹೇಳಿಬಿಡುತ್ತೇನೆ.

ನಮ್ಮದು ಸೇಲಂನ ನೇಕಾರರ ಬೀದಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನಾನು ಓದಿದ್ದು ಐದನೇ ತರಗತಿಯವರೆಗೆ, ಅದೂ ತಮಿಳಿನಲ್ಲಿ. ಆಮೇಲೆ ಮಗ್ಗದ ಕುಣಿಗೆ ಕಾಲಿಳಿಸಿ ಕೂತವಳು ಇವತ್ತಿಗೂ ಕೂತೇ ಇದ್ದೇನೆ. ಅಮ್ಮ ಬೇಗ ತೀರಿಕೊಂಡರು. ನನಗಿಂತ ಎಂಟು ವರ್ಷ ಚಿಕ್ಕವಳಾದ ಗಿರಿಜಳಿಗೆ ತಲೆ ಬಾಚಿದವಳು, ಸ್ಕೂಲಿಗೆ ಬಿಟ್ಟು ಬಂದವಳು, ಹುಡುಗನನ್ನು ನೋಡಿ ಮದುವೆ ಮಾಡಿಸಿದವಳು ಎಲ್ಲ ನಾನೇ. ಕಂಬೈನಲ್ಲೂರಿನ ಆಚೆ ಒಂದು ಹಳ್ಳಿಗೆ ಕೊಟ್ಟೆವು. ಗಂಡ ಮುನಿರಾಜ ಮಿನಿ ಲಾರಿಯಲ್ಲಿ ತೆಂಗಿನಕಾಯಿ ಲೋಡು ಹೊಡೆಯುತ್ತಾನೆ. ನಾನು ಏನು ಹೇಳಿದರೂ ಗಿರಿಜಳಿಗೆ ಅದು ನಿಜ. ಚಿಕ್ಕಂದಿನಿಂದಲೂ ಹಾಗೆಯೇ.

ನನ್ನ ಗಂಡ ತೀರಿಕೊಂಡ ವರ್ಷ, ಏನೂ ಮಾತಾಡದೆ ದಿನಾ ಬಂದು ನನ್ನ ಪಕ್ಕದಲ್ಲಿ ಕೂತವರು ನಮ್ಮ ಪಾಸ್ಟರಮ್ಮ. ಕೊಳ್ಳೇಗಾಲದ ಕಡೆಯವರು. ಅವರ ಹತ್ತಿರವೇ ನಾನು ಕನ್ನಡ ಅಕ್ಷರ ಕಲಿತೆ, ಅವರಿಂದಲೇ ಯೇಸುವನ್ನು ತಿಳಿದೆ. ಗಿರಿಜ ನನ್ನ ಹಿಂದೆಯೇ ಬಂದಳು. ಆ ವಿಶ್ವಾಸ ಇವತ್ತಿಗೂ ನನ್ನಲ್ಲಿ ಇದೆ. ನಾನು ಇಲ್ಲಿ ಬರೆಯುವುದು ಅದರ ವಿರುದ್ಧವಾಗಿ ಅಲ್ಲ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಹೆಂಗಸರ ಪ್ರಾರ್ಥನೆಕೂಟ. ಅಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬಳೂ ಆ ವಾರ ತನ್ನ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ಹೇಳಬೇಕು, ಅದರಿಂದ ದೇವರು ತನಗೆ ಏನು ಕಲಿಸಿದರು ಎಂದೂ ಹೇಳಬೇಕು. ಕೆಲವರಿಗೆ ಬಾಯೇ ಬರುವುದಿಲ್ಲ. ನನಗೆ ಬರುತ್ತಿತ್ತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಸಾವಿರಾರು ಎಳೆ ಇದ್ದರೂ ಒಂದು ಎಳೆ ಕಡಿದರೆ ಮಗ್ಗ ನಿಲ್ಲಿಸಿ ಆ ಒಂದನ್ನೇ ಹುಡುಕುತ್ತೇವೆ, ದೇವರೂ ನಮ್ಮನ್ನು ಹಾಗೆಯೇ ಹುಡುಕುತ್ತಾರೆ ಎಂದು ಒಮ್ಮೆ ಹೇಳಿದೆ. ಎಷ್ಟೋ ಜನ ಕಣ್ಣೊರೆಸಿಕೊಂಡರು. ಆಮೇಲಿಂದ ಎಲ್ಲರೂ ಹೇಳಿ ಮುಗಿಸಿ, "ಸರೋಜಕ್ಕ ಕೊನೆಗೆ ಯೋಳ್ಲಿ" ಎಂದು ನನ್ನ ಸರದಿಯನ್ನು ಉಳಿಸಿಡುತ್ತಿದ್ದರು.

ನನಗೆ ಅದರ ರುಚಿ ಹತ್ತಿತು. ಒಂದು ವಾರ ನನ್ನ ಓಲೆ ಕಳೆದುಹೋಗಿತ್ತು. ಪ್ರಾರ್ಥನೆ ಮಾಡಿ ಎದ್ದು ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಸಿಕ್ಕಿತು. ಶುಕ್ರವಾರ ಅದನ್ನು ಹೇಳಿದೆ. ಓಲೆ ಸಿಗುವ ಮೊದಲು ಎರಡು ದಿನ ಪಕ್ಕದ ಮನೆಯವಳನ್ನು ಕಳ್ಳಿ ಎಂದು ಬೀದಿಗೆ ಕೇಳುವಂತೆ ಬೈದಿದ್ದೆನಲ್ಲ, ಅದನ್ನು ಹೇಳಲಿಲ್ಲ. ಹೇಳಿದ್ದರೆ ಪಾಠ ಬೇರೆಯೇ ಆಗುತ್ತಿತ್ತು. ಹೀಗೆ ನನಗೆ ಮೊದಲು ಪಾಠ ಹೊಳೆಯುತ್ತಿತ್ತು, ಅದಕ್ಕೆ ಒಪ್ಪದಿರುವ ತುಂಡನ್ನು ಸಂಗತಿಯಿಂದ ಕತ್ತರಿಸಿ ಬಿಸಾಡುತ್ತಿದ್ದೆ. ಅದು ತಪ್ಪು ಎಂದು ಅನ್ನಿಸಿದ್ದೇ ಇಲ್ಲ.

ನಾಲ್ಕು ವರ್ಷಗಳ ಹಿಂದೆ ನನಗೆ ಕೆಮ್ಮು ಶುರುವಾಯಿತು. ಎರಡು ವಾರ, ಮೂರು ವಾರ, ನಿಲ್ಲಲಿಲ್ಲ. ಬೆವರಿಗೆ ದಿಂಬು ನೆನೆಯುತ್ತಿತ್ತು. ಕುಬುಸ ಸಡಿಲವಾಯಿತು. ಆರೋಗ್ಯ ಕೇಂದ್ರಕ್ಕೆ ಹೋದರೆ ಕಫ ಹಿಡಿಯಲು ಎರಡು ಸಣ್ಣ ಡಬ್ಬಿ ಕೊಟ್ಟರು. ಮಾರನೆಯ ದಿನ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ತಮ್ಮ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. "ಅದೇನಮ್ಮ, ಚಿನ್ನವಾ ಅಷ್ಟು ಮುಚ್ಚಿಟ್ಕೊಳ್ಳೋಕೆ?" ಎಂದು ತಮಿಳಿನಲ್ಲಿ ಕೇಳಿದರು. ಅಷ್ಟು ಭಯದಲ್ಲೂ ನನಗೆ ನಗು ಬಂತು. ಅವರು ಯಾರೋ ಗೊತ್ತಿಲ್ಲ. ಆ ದಿನ ನನ್ನನ್ನು ನಗಿಸಿದ್ದು ಅವರೊಬ್ಬರೇ.

ಟಿಬಿ ಎಂದರು. ಆರು ತಿಂಗಳು ಮಾತ್ರೆ, ಒಂದು ದಿನವೂ ಬಿಡಬಾರದು ಎಂದರು. ನನ್ನ ತಲೆಯಲ್ಲಿ ಓಡಿದ್ದು ಒಂದೇ: ಇದು ಬೀದಿಗೆ ಗೊತ್ತಾದರೆ ನೂಲು ಕೊಟ್ಟು ನೇಯಿಸುವ ಮುದಲಾಳಿ ನನ್ನ ಕೈಯ ಸೀರೆ ಮುಟ್ಟುವುದಿಲ್ಲ, ಕೂಟದವರು ಪಕ್ಕದಲ್ಲಿ ಕೂರುವುದಿಲ್ಲ. ಆರೋಗ್ಯ ಕೇಂದ್ರದಿಂದ ಮನೆಮನೆಗೆ ಮಾತ್ರೆ ಕೊಡುವ ಕಲೈಯಕ್ಕನಿಗೆ, "ಮನೆಗೆ ಮಾತ್ರ ಬರಬೇಡಿ" ಎಂದು ಕೈ ಮುಗಿದೆ. ಆಕೆ ನನ್ನ ಮುಖ ನೋಡಿ ಆಗಲಿ ಎಂದರು. ಆರು ತಿಂಗಳೂ ಆಕೆ ಬಸ್ ಸ್ಟಾಪಿಗೆ ಬಂದು, ಜವಳಿ ಅಂಗಡಿಯ ಚೀಲದಲ್ಲಿ ಹಾಕಿ ಮಾತ್ರೆ ಕೊಟ್ಟು ಹೋಗುತ್ತಿದ್ದರು. ಮೊದಲ ದಿನ ಮೂತ್ರ ಕೆಂಪಾಗಿ ಹೋದಾಗ ಇನ್ನು ಸತ್ತೆ ಎಂದುಕೊಂಡು ಆಕೆಗೆ ಫೋನ್ ಮಾಡಿದೆ. "ಅದು ಮಾತ್ರೆ ಬಣ್ಣ ಕಣಮ್ಮ, ಒಳ್ಳೇದೇ" ಎಂದು ನಕ್ಕರು. ಮೊದಲ ಎರಡು ಮೂರು ವಾರ ಜನರ ಮಧ್ಯೆ ಹೋಗಬೇಡ ಎಂದಿದ್ದರು, ಹೋಗಲಿಲ್ಲ. ಆಮೇಲೆ ಆರು ತಿಂಗಳೂ ದಿನಾ ಬರಿ ಹೊಟ್ಟೆಗೆ ಮಾತ್ರೆ ನುಂಗಿದೆ. ಒಂದು ದಿನವೂ ಬಿಡಲಿಲ್ಲ.

ಕೂಟದವರಿಗೆ ನೆಗಡಿ, ಕೆಮ್ಮು ಎಂದಷ್ಟೇ ಹೇಳಿದ್ದೆ. ಅವರು ನಲವತ್ತು ದಿನ ನನಗಾಗಿ ಪ್ರಾರ್ಥನೆ ಇಟ್ಟುಕೊಂಡರು. ನಲವತ್ತು ದಿನ ಮುಗಿಯುವ ಹೊತ್ತಿಗೆ ಕೆಮ್ಮು ನಿಂತಿತ್ತು, ಮುಖಕ್ಕೆ ಬಣ್ಣ ಬಂದಿತ್ತು. ದೇವರು ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ಹೇಳು ಎಂದರು. ಎದ್ದು ನಿಂತೆ. ನನ್ನ ಉಸಿರು ನಿಲ್ಲುವಂತಿತ್ತು, ನೀವು ಪ್ರಾರ್ಥಿಸಿದಿರಿ, ದೇವರು ಮುಟ್ಟಿದರು ಎಂದೆ. ಅಲ್ಲಿಗೆ ನಿಲ್ಲಿಸಿದ್ದರೂ ಅದರಲ್ಲಿ ಸುಳ್ಳು ಇರಲಿಲ್ಲ. ರಾಜಮ್ಮ ಎಂಬ ವಯಸ್ಸಾದವರು ಕೇಳಿದರು:

"ಯಾವ ಮಾತ್ರೆ ತಗೊಂಡೆ ಸರೋಜ? ನಂಗೂ ಕೆಮ್ಮು ಬತ್ತೈತೆ, ಅದಕ್ಕೆ ಕೇಳ್ದೆ."

"ಮಾತ್ರೆ ಇಲ್ಲ ದೊಡ್ಡವ್ವ. ಯೇಸಪ್ಪ ಒಬ್ರೇ."

ಆ ಬೆಳಿಗ್ಗೆ ನುಂಗಿದ ಮಾತ್ರೆಗಳು ಹೊಟ್ಟೆಯಲ್ಲಿ ಇನ್ನೂ ಕರಗಿಯೂ ಇರಲಿಲ್ಲವೇನೋ. ಎಲ್ಲರೂ ಸ್ತೋತ್ರ ಎಂದರು. ನನಗೂ ಆ ಹೊತ್ತಿನಲ್ಲಿ ಅದೇ ನಿಜ ಎನ್ನಿಸಿತು.

ಆ ಸಾಕ್ಷಿ ನನಗಿಂತ ಮುಂದೆ ನಡೆಯಿತು. ಅವರಿವರು ಹೇಳಿ ಮೊರಪ್ಪೂರಿನ ಪ್ರಾರ್ಥನಾ ಮನೆಯವರು ಕರೆದರು. ಗಿರಿಜ ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದುದು ಅಲ್ಲಿಗೇ. ರೈಲ್ವೆ ಸ್ಟೇಷನ್ನಿಗೆ ಹತ್ತಿರ, ರೈಲು ಹೋದಾಗ ಮಾತು ನಿಲ್ಲಿಸಿ ಕಾಯಬೇಕು. ನಾನು ಮೈಕ್ ಹಿಡಿದು ಹೇಳಿದೆ. ಗಿರಿಜ ಮುಂದಿನ ಸಾಲಿನಲ್ಲಿ ಕೂತು, ಪಕ್ಕದವರಿಗೆ, "ನಮ್ಮಕ್ಕ, ನಮ್ಮಕ್ಕ" ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದಳು.

ಮೂರನೆಯ ವರ್ಷ ಗಿರಿಜಳಿಗೆ ಕೆಮ್ಮು ಬಂತು. ಮುನಿರಾಜ ತಡಮಾಡದೆ ಕರೆದುಕೊಂಡು ಹೋಗಿ ತೋರಿಸಿದ. ಟಿಬಿ. ನಾನು ಮೊಟ್ಟೆ, ಕಡಲೆ, ಒಂದು ಹೊಸ ಹೊದಿಕೆ ತೆಗೆದುಕೊಂಡು ನೋಡಲು ಹೋದೆ. ಅದು ನನ್ನಿಂದಲೇ ಹರಡಿತೋ ಎಂಬ ಹೆದರಿಕೆ ದಾರಿಯುದ್ದಕ್ಕೂ ಇತ್ತು. ಆಮೇಲೆ ಡಾಕ್ಟರನ್ನು ಕೇಳಿದಾಗ, ಇಷ್ಟು ವರ್ಷದ ಮೇಲೆ ಹೇಳಲಾಗುವುದಿಲ್ಲ ಎಂದರು. ಅವತ್ತು ಅವಳ ತಲೆ ಸವರಿ, "ಡಾಕ್ಟರ್ ಯೋಳ್ದಂಗೆ ಮಾಡು" ಎಂದು ಹೇಳಿ ಬಂದೆ. ಅಷ್ಟು ಹೇಳಿದ್ದೇನಲ್ಲ ಎಂಬ ಸಮಾಧಾನದಲ್ಲಿ ಮಗ್ಗಕ್ಕೆ ಕೂತೆ. ಎರಡು ತಿಂಗಳಲ್ಲಿ ಅವಳು ಚೇತರಿಸಿಕೊಂಡಳು. ಆರು ತಿಂಗಳಾಯಿತು. ಎಲ್ಲ ಸರಿಹೋಯಿತು ಎಂದುಕೊಂಡೆವು.

ಒಂದು ಬೆಳಿಗ್ಗೆ ಮಗ್ಗಕ್ಕೆ ಹೊಸ ಹಾಸು ಏರಿಸುತ್ತಿದ್ದಾಗ ಮುನಿರಾಜನ ಫೋನ್ ಬಂತು.

"ಅಕ್ಕಾ, ರಕ್ತ ಬಂತು."

"ಯಾರಿಗೆ?"

"ಇವ್ಳಿಗೆ. ಕೆಮ್ಮಿದ್ಳು, ಟವಲ್ ತುಂಬ ಬಂತು. ನೀನು ಬಾ."

ಉಟ್ಟ ಸೀರೆಯಲ್ಲೇ ಹೋದೆ. ದೊಡ್ಡ ಆಸ್ಪತ್ರೆಯಲ್ಲಿ ಅವಳನ್ನು ಬೇರೆ ವಾರ್ಡಿನಲ್ಲಿ ಮಲಗಿಸಿದ್ದರು. ಒಳಗೆ ಬಿಡುವ ಮೊದಲು ನನಗೂ ಒಂದು ಮಾಸ್ಕ್ ಕೊಟ್ಟರು. ಹೊರಗಿನ ವರಾಂಡದಲ್ಲಿ ನಾನು, ಮುನಿರಾಜ ಎರಡು ದಿನ ಕಾದೆವು. ಪರೀಕ್ಷೆಯ ಚೀಟಿ ಬರುವವರೆಗೂ ಮುನಿರಾಜ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದ: "ಎಲ್ಲಾ ಮಾತ್ರೆ ತಗೊಂಡವ್ಳೆ ಅಕ್ಕ. ಕಾಲಿ ಪಟ್ಟಿ ನಾನೇ ನೋಡ್ತಿದ್ದೆ. ಒಂದೂ ಬಿಟ್ಟಿಲ್ಲ."

ಡಾಕ್ಟರ್ ಚೀಟಿ ನೋಡಿ ತಲೆ ಎತ್ತಿದರು. "ಮಧ್ಯದಲ್ಲಿ ಬಿಟ್ಟವರಿಗೆ ಹೀಗಾಗೋದು ಜಾಸ್ತಿ" ಎಂದರು. ಹಳೆಯ ಔಷಧಿಗೆ ರೋಗ ಬಗ್ಗುವುದಿಲ್ಲ, ಇನ್ನೂ ಕಷ್ಟದ ಬೇರೆ ಮಾತ್ರೆಗಳು, ಎಷ್ಟು ತಿಂಗಳು ಎಂದು ಮುಂದೆ ನೋಡಿ ಹೇಳುವುದು. ಮುನಿರಾಜನಿಗೆ ಸಿಟ್ಟು ಬಂತು. "ಬಿಟ್ಟಿಲ್ಲ ಸಾರ್" ಎಂದು ಗಟ್ಟಿಯಾಗಿ ಹೇಳಿ ಹೊರಗೆ ಹೋದ.

ನಾನು ಗಿರಿಜಳ ಹತ್ತಿರ ಹೋದೆ. ಮುಖ ಸೊರಗಿ ಅಂಗೈಯಷ್ಟಾಗಿತ್ತು. ಅವಳು ನನ್ನ ಸೆರಗು ಹಿಡಿದು ಹತ್ತಿರಕ್ಕೆ ಎಳೆದು ಪಿಸುಗುಟ್ಟಿದಳು.

"ನಮ್ಮನೆಯವ್ರಿಗೆ ಯೋಳ್ಬ್ಯಾಡ ಅಕ್ಕ. ನಾನು ಎರಡೇ ತಿಂಗಳು ತಗೊಂಡಿದ್ದು. ಆಮೇಲೆಲ್ಲಾ ಒಲೆ ಬೂದಿಗಾಕ್ದೆ."

"ಯಾಕೆ?"

"ಯಾಕೆ ಅಂದ್ರೆ? ನೀನು ತಗೊಂಡಿದ್ಯಾ?"

ಆ ಪ್ರಶ್ನೆಯನ್ನು ಅವಳು ಪ್ರಶ್ನೆಯಾಗಿ ಕೇಳಲಿಲ್ಲ. ಉತ್ತರ ಗೊತ್ತಿದ್ದವಳ ಹಾಗೆ ಕೇಳಿದಳು. ಆಮೇಲೆ ಅವಳೇ ಹೇಳಿದಳು. ಮುನಿರಾಜ ಮೊದಲ ಸಲ ಮಾತ್ರೆ ತಂದಾಗ, "ನಿಮ್ಮಕ್ಕಂಗಾದ್ರೆ ಯೇಸಪ್ಪ, ನಿಂಗಾದ್ರೆ ಗೌರ್ಮೆಂಟ್ ಆಸ್ಪತ್ರೆ, ಅದ್ಯಾಕೆ ಅಂಗೆ?" ಎಂದು ನಕ್ಕನಂತೆ. ಅದು ಅವಳಿಗೆ ನಾಟಿತು. ತನ್ನ ದೇವರು ಸಣ್ಣವನಲ್ಲ ಎಂದು ಗಂಡನಿಗೆ ತೋರಿಸಬೇಕಿತ್ತು. ಎರಡು ತಿಂಗಳಿಗೆ ಕೆಮ್ಮು ನಿಂತಾಗ, ಇನ್ನು ನಂಬಿಕೆಯಿಂದಲೇ ಎಂದು ನಿಲ್ಲಿಸಿಬಿಟ್ಟಳು.

"ಈಗ ಯಾಕೆ ತಿರ್ಗ ಬಂತು ಗೊತ್ತಾ?" ಎಂದಳು. "ನನ್ನ ನಂಬಿಕೆ ಸಾಲ್ದು. ನಿನ್ನಷ್ಟು ಇಲ್ಲ. ಈ ಸಲ ಮಾತ್ರೆನೇ ಮುಟ್ಟಾಕಿಲ್ಲ, ನೋಡು."

ಅದಾದ ಮೇಲೆಯೇ ನರ್ಸ್ ಬಂದದ್ದು, ಅವಳು ಮಾಸ್ಕಿನೊಳಗೆ ಉಗಿದದ್ದು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದರೆ ಮುಗಿಯುತ್ತಿತ್ತು. ನಾನು ಏನು ಮಾಡಿದೆ ಎಂದರೆ, ಒಂದು ಪಾಠ ಹುಡುಕಿದೆ. ಸಾಯುತ್ತಿರುವ ತಂಗಿಯ ಎದುರಿಗೆ ಕೂತು, ನನ್ನ ಮಾನ ಹೋಗದ ಹಾಗೆ ಅವಳು ಮಾತ್ರೆ ನುಂಗುವಂಥ ಒಂದು ಕಥೆ ಹುಡುಕಿದೆ. ಮಾರನೆಯ ದಿನ ಗಂಜಿ ಕುಡಿಸುತ್ತ ಹೇಳಿದೆ: "ನೂಲು ಕಡಿದ್ರೆ ತಾನಾಗೆ ಕೂಡ್ಕೊಳ್ತದಾ ಗಿರಿಜ? ಗಂಟಾಕೋಕೆ ಒಂದು ಕೈ ಬೇಕು. ಡಾಕ್ಟರ್ ಕೈನೂ ದೇವ್ರು ಕೊಟ್ಟಿದ್ದೇ."

ಅವಳು ಚಮಚವನ್ನು ಪಕ್ಕಕ್ಕೆ ಸರಿಸಿ ನನ್ನನ್ನೇ ನೋಡಿದಳು.

"ಈ ಪಾಠ ನಿಂಗೆ ಯಾಕೆ ಬರ್ಲಿಲ್ಲ ಆಗ? ನನ್ ನಂಬಿಕೆ ಮೇಲೆ ನಿಂಗೂ ಅನುಮಾನವಾ?"

ಆ ದಿನದ ಮಾತ್ರೆಯೂ ಮಾಸ್ಕಿಗೆ ಹೋಯಿತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಪ್ರಾರ್ಥನೆ ಮಾಡಲು ನೋಡಿದೆ. ಮೈಕ್ ಹಿಡಿದರೆ ಹರಿಯುತ್ತಿದ್ದ ನಾಲಿಗೆಗೆ ಒಂದು ಪದ ಬರಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ. ಕಸ ಗುಡಿಸುವ ಹೆಂಗಸು ಬಂದು, ಕಾಲು ಎತ್ತಿ ಎಂದಳು. ಎತ್ತಿದೆ. ಗುಡಿಸಿದಳು. "ಒಳಗೆ ಯಾರು?" ಎಂದು ಕೇಳಿದಳು. ತಂಗಿ ಎಂದೆ. "ಓಗಿ ಅವ್ಳತ್ರ ಕೂತ್ಕೋ. ಇಲ್ಲಿ ಕೂತ್ರೆ ಏನೈತೆ" ಎಂದು ತನ್ನ ಪಾಡಿಗೆ ಮುಂದೆ ಗುಡಿಸಿಕೊಂಡು ಹೋದಳು. ಅವಳೂ ನಮ್ಮ ಕಡೆಯ ಕನ್ನಡದವಳೇ ಎಂದು ಆಮೇಲೆ ಹೊಳೆಯಿತು. ಎದ್ದು ಒಳಗೆ ಹೋದೆ.

"ಗಿರಿಜ, ನಾನು ಮಾತ್ರೆ ತಗೊಂಡೆ."

"ಯಾವಾಗ?"

"ಆಗ್ಲೇ. ನಂಗೆ ಬಂದಿದ್ದೂ ಟಿಬಿನೇ. ಆರು ತಿಂಗಳು ತಗೊಂಡೆ. ಬಸ್ ಸ್ಟಾಪಲ್ಲಿ ತಂದ್ಕೊಡ್ತಿದ್ರು. ಸಾಕ್ಷಿ ಯೋಳ್ದ ದಿನವೂ ತಗೊಂಡೇ ಓಗಿದ್ದೆ. ಮೊರಪ್ಪೂರಿಗೆ ಬಂದಾಗ ಎಲ್ಲಾ ಮುಗ್ಸಿ, ವಾಸಿಯಾಯ್ತು ಅಂತ ಆಸ್ಪತ್ರೆಯವ್ರು ಚೀಟಿ ಕೊಟ್ಟಿದ್ರು."

ಅವಳು ಅಳಲಿಲ್ಲ. ಹುಬ್ಬು ಕೂಡ ಅಲುಗಲಿಲ್ಲ. ಯಾರೋ ಪರಿಚಯ ಇಲ್ಲದವರು ಮುಂದೆ ಬಂದು ನಿಂತಂತೆ ನನ್ನನ್ನು ನೋಡುತ್ತಿದ್ದಳು.

"ಒಂದಿನಾನೂ ಬಿಡ್ದೆ?"

"ಒಂದಿನಾನೂ ಬಿಡ್ದೆ."

"ನೀನು ಬದುಕ್ಬೇಕು ಅಂತ ತಗೊಂಡೆ" ಎಂದಳು. "ನಾನು ಬೂದಿಗಾಕ್ದೆ" ಎಂದಳು. ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಸಂಜೆ ನರ್ಸ್ ಬಂದಾಗ ನಾನು ಎದ್ದು ನಿಂತು, ನಿನ್ನೆಯದು, ಇವತ್ತು ಬೆಳಿಗ್ಗೆಯದು ಅವಳು ನುಂಗಿಲ್ಲ ಎಂದು ಹೇಳಿದೆ. ನರ್ಸ್ ನನಗೂ ಅವಳಿಗೂ ಸೇರಿಸಿ ಬೈದರು. ಮಾತ್ರೆಗಳನ್ನು ಕೈಗೆ ಹಾಕಿ, ಅಲ್ಲೇ ನಿಂತು, "ವಾಯ ತೊರಮ್ಮಾ", ಬಾಯಿ ತೆರೆ, ಎಂದರು. ಗಿರಿಜ ನುಂಗಿ, ಬಾಯಿ ದೊಡ್ಡದಾಗಿ ತೆರೆದಳು. ಅವರ ಕಡೆಗಲ್ಲ, ನನ್ನ ಕಡೆಗೆ ತಿರುಗಿ ತೆರೆದಳು. ನಾಲಿಗೆ ಎತ್ತಿ ತೋರಿಸಿದಳು, ಇಳಿಸಿ ತೋರಿಸಿದಳು.

"ನೋಡ್ಕೊಂಡ್ಯಾ?" ಎಂದಳು. ಆಮೇಲೆ ಐದು ವಾರ ನನ್ನ ಜೊತೆ ಮಾತಾಡಲಿಲ್ಲ.

ಆ ಐದು ವಾರ ನಾನು ಅಲ್ಲೇ ಇದ್ದೆ. ಹೊಸ ಮಾತ್ರೆಗಳಿಗೆ ಅವಳಿಗೆ ಅನ್ನ ಕಂಡರೆ ವಾಂತಿ, ಪಾದದಲ್ಲಿ ಉರಿ. ನಾನು ಬಕೆಟ್ ಹಿಡಿಯುತ್ತಿದ್ದೆ, ಪಾದ ಒತ್ತುತ್ತಿದ್ದೆ. ಅವಳು ಒತ್ತಿಸಿಕೊಳ್ಳುತ್ತಿದ್ದಳು, ಮಾತಿಲ್ಲ. ಏನಾದರೂ ಬೇಕಾದರೆ ಪಕ್ಕದ ಹಾಸಿಗೆಯವರಿಗೆ ಹೇಳುವಳು, ಅವರು ನನಗೆ ಹೇಳುವರು. "ಬಿಸಿನೀರು ಬೇಕಂತಮ್ಮ ನಿನ್ ತಂಗಚ್ಚಿಗೆ" ಎಂದು ಆಕೆ ನಡುವೆ ನಿಂತು ನಗುವರು. ಮುನಿರಾಜನಿಗೆ ನಾನೇ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. "ನಾನೂ ತಮಾಷೆಗೆ ಒಂದು ಮಾತು ಅಂದ್ಬಿಟ್ಟೆ ಅಕ್ಕ" ಎಂದ. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದರು. ಅವನಿಗೂ ಅವನ ತಾಯಿಗೂ ಏನೂ ಇರಲಿಲ್ಲ. ಆ ಚೀಟಿಯನ್ನು ನಾನು ಮೂರು ಸಲ ಓದಿಸಿಕೊಂಡೆ.

ಡಿಸ್ಚಾರ್ಜ್ ಆಗುವ ದಿನ ಅವಳು ಬಟ್ಟೆ ಮಡಿಸುತ್ತ, ನನ್ನ ಕಡೆ ನೋಡದೆ ಮೊದಲ ಮಾತು ಆಡಿದಳು.

"ಮೊರಪ್ಪೂರಲ್ಲಿ ಮೈಕ್ ಇಡ್ಕೊಂಡು ಯೋಳ್ದಲ್ಲ. ಅಲ್ಲೇ ಓಗಿ ಯೋಳು. ನನ್ ಮುಂದೆ ಯೋಳು."

"ಆಯ್ತು."

"ನಾನು ಬರಂಗಾದಾಗ."

ಅದಕ್ಕೆ ಮೊದಲು ನಮ್ಮ ಶುಕ್ರವಾರದ ಕೂಟದಲ್ಲಿ ಹೇಳಿದೆ. ಯಾರೂ ಸ್ತೋತ್ರ ಎನ್ನಲಿಲ್ಲ. ಒಬ್ಬಳು, "ಇದ್ನ ಇಲ್ಲಿ ಯಾಕೆ ಯೋಳ್ಬೇಕಿತ್ತು? ಒಳ್ಳೇ ಸಾಕ್ಷಿನ ಕೆಡ್ಸ್ದೆ" ಎಂದು ಎದ್ದು ಹೋದಳು. ಇಬ್ಬರು ನನ್ನ ಪಕ್ಕದಿಂದ ಸರಿದು ಕೂತರು, ಟಿಬಿ ಎಂದೋ ಸುಳ್ಳಿ ಎಂದೋ ತಿಳಿಯಲಿಲ್ಲ. ರಾಜಮ್ಮನವರಿಗೆ ಆ ಕೆಮ್ಮು ಯಾವಾಗಲೋ ತಾನಾಗಿ ಹೋಗಿತ್ತು, ಅದು ದೇವರ ಕರುಣೆ. ಅವರು ನನ್ನ ಕಿವಿಯ ಹತ್ತಿರ ಬಂದು, "ನಾನು ಶುಗರ್ ಮಾತ್ರೆನ ಉಣಿಸೆಹಣ್ಣಿನ ಡಬ್ಬದಾಗೆ ಮಡಗಿವ್ನಿ ಸರೋಜ. ಇನ್ನ ಎಲ್ರಿಗೂ ಕಾಣಂಗೆ ಮ್ಯಾಕ್ಕೆ ಎತ್ತಿ ಮಡಗ್ಲಾ?" ಎಂದರು. ಎಲ್ಲರೂ ಹೋದ ಮೇಲೆ ಪಾಸ್ಟರಮ್ಮ ಚಾಪೆ ಸುತ್ತುತ್ತ ಹೇಳಿದರು: "ನಾನೂ ಕೇಳಲಿಲ್ಲ ಸರೋಜ. ನೀನು ಅಷ್ಟು ದಿನ ಎಲ್ಲಿ ಹೋಗಿದ್ದೆ, ಹೇಗೆ ವಾಸಿಯಾಯಿತು, ಏನೂ ಕೇಳಲಿಲ್ಲ. ಸಾಕ್ಷಿ ಚೆನ್ನಾಗಿತ್ತು, ಅದಕ್ಕೇ ಕೇಳಲಿಲ್ಲ." ಆ ಪದ್ಧತಿಯನ್ನು ಅವರು ನಿಲ್ಲಿಸಿಲ್ಲ. ಈಗ ಯಾರಾದರೂ ಹೇಳಿ ಮುಗಿಸಿದರೆ, "ಇನ್ನ ಏನಾಯ್ತಮ್ಮ?" ಎಂದು ಒಂದು ಸಲ ಕೇಳುತ್ತಾರೆ.

ಗಿರಿಜಳ ಕಫದಲ್ಲಿ ರೋಗ ಕಾಣುತ್ತಿಲ್ಲ, ಜನರ ಮಧ್ಯೆ ಹೋಗಬಹುದು, ಮಾತ್ರೆ ಮಾತ್ರ ಮುಗಿಯುವವರೆಗೂ ಬಿಡುವ ಹಾಗಿಲ್ಲ ಎಂದು ಹೇಳಿದ ಮೇಲೆ, ಒಂದು ಭಾನುವಾರ ಮೊರಪ್ಪೂರಿಗೆ ಹೋದೆವು. ಅವಳು ಮಾಸ್ಕ್ ಹಾಕಿಕೊಂಡು ಹಿಂದೆ, ಬಾಗಿಲ ಹತ್ತಿರ ಚಾಪೆಯ ತುದಿಯಲ್ಲಿ ಕೂತಳು. ಮುನಿರಾಜ ಹೊರಗೆ ಲಾರಿಗೆ ಒರಗಿ ನಿಂತಿದ್ದ.

ಮೈಕ್ ಹಿಡಿದು ಎಲ್ಲ ಹೇಳಿದೆ. ಟಿಬಿ ಬಂದದ್ದು, ಮಾತ್ರೆ ನುಂಗಿದ್ದು, ಇದೇ ಜಾಗದಲ್ಲಿ ನಿಂತು ಅದನ್ನು ಮುಚ್ಚಿಟ್ಟದ್ದು, ಅದನ್ನು ನಂಬಿ ನನ್ನ ತಂಗಿ ಮಾತ್ರೆ ಬಿಟ್ಟು ಸಾಯುವಂತಾದದ್ದು. ಮಧ್ಯದಲ್ಲಿ ಒಂದು ರೈಲು ಹೋಯಿತು, ಕಾದೆ, ಮುಂದುವರಿಸಿದೆ. ಮುಗಿಯಿತು. ಅಲ್ಲಿನ ಪಾಸ್ಟರ್ ಅಯ್ಯನವರು, "ಇದರಿಂದ ಕರ್ತರು ನಿಮಗೆ ಏನು ಕಲಿಸಿದರು ಅಂತ ಒಂದು ಮಾತು ಹೇಳಿ ಸಿಸ್ಟರ್" ಎಂದರು.

ನನ್ನ ಬಾಯಿಗೆ ಬಂತು. ಆ ಹೊತ್ತಿನಲ್ಲೂ ಎರಡು ಮೂರು ಪಾಠಗಳು ತಯಾರಾಗಿ ನಾಲಿಗೆಯ ಮೇಲೆ ಬಂದು ನಿಂತವು. ಅದನ್ನು ಕಂಡು ನನಗೇ ಹೆದರಿಕೆಯಾಯಿತು.

"ಇನ್ನೂ ಮುಗೀಲಿಲ್ಲ" ಎಂದು ಹಿಂದಿನಿಂದ ಗಿರಿಜ ಹೇಳಿದಳು. "ಫೋನಿಂದು ಯೋಳ್ಲಿಲ್ಲ."

ಎಲ್ಲರೂ ತಿರುಗಿ ನೋಡಿದರು. ಆ ಫೋನಿನ ವಿಷಯವನ್ನು ನಾನು ಈ ಬರಹದಲ್ಲೂ ಬಿಟ್ಟಿದ್ದೇನೆ. ಬೇಕೆಂದೇ ಬಿಟ್ಟೆ. ಆಸ್ಪತ್ರೆಯಲ್ಲಿ ನಾನು ನಿಜ ಹೇಳಿದಾಗಲೂ ಅವಳು ಮೊದಲು ಕೇಳಿದ್ದು ಅದನ್ನೇ. ಅದನ್ನು ದಾಟಿ ಬರೆದೆ.

ಮೊದಲ ಸಲ ಮಾತ್ರೆ ಶುರುಮಾಡಿ ಎರಡು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಗಿರಿಜ ನನಗೆ ಫೋನ್ ಮಾಡಿದ್ದಳು. "ಅಕ್ಕ, ಒಟ್ಟೆ ತೊಳ್ಸ್ತೈತೆ, ಆಗ್ತಿಲ್ಲ. ನೀನು ನಿಜ ಯೋಳು. ಒಂದೇ ಒಂದು ಮಾತ್ರೆನೂ ತಗೊಳ್ದೆ ವಾಸಿಯಾಯ್ತಾ? ನೀನು ತಗೊಂಡಿದ್ರೆ ನಾನೂ ತಗೊಳ್ತೀನಿ. ಇಲ್ಲಾಂದ್ರೆ ಬಿಡ್ತೀನಿ" ಎಂದಳು. ನಾನು ಮಗ್ಗದಲ್ಲಿ ಒಬ್ಬಳೇ ಕೂತಿದ್ದೆ. ಕೇಳುವವರು ಯಾರೂ ಇರಲಿಲ್ಲ. ಕೂಟ ಇರಲಿಲ್ಲ, ಮೈಕ್ ಇರಲಿಲ್ಲ. ನನ್ನ ತಂಗಿ ಒಬ್ಬಳೇ, ಅದೂ ಫೋನಿನಲ್ಲಿ.

"ಇಲ್ಲ ಕಣೆ, ತಗೊಂಡಿಲ್ಲ" ಎಂದೆ.

ಇದನ್ನು ಅವತ್ತು ಮೈಕಿನಲ್ಲಿ ಹೇಳಿದೆ. ಅಯ್ಯನವರು ಪಾಠ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೈಕ್ ಕೆಳಗೆ ಇಟ್ಟು ಏನು ಮಾಡುವುದೋ ತೋಚದೆ ಅಲ್ಲೇ ನಿಂತಿದ್ದೆ.

"ಈಗ ಬಂದು ಕೂತ್ಕೋ" ಎಂದಳು ಗಿರಿಜ.

ಜನರ ಮಧ್ಯೆ ದಾಟಿಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವಳು ನನಗೆ ಜಾಗ ಬಿಡಲು ಸರಿಯಲಿಲ್ಲ. ಎದ್ದೂ ಹೋಗಲಿಲ್ಲ.